ಅರ್ಧ ಕಿಲೋದ ಲೆಕ್ಕ

ಕಾಫಿ ಕೊಯ್ಲು ಮುಗಿದು ದುಡ್ಡು ಕೈಗೆ ಬಂದ ಹದಿನೈದು ದಿನ ನಮ್ಮ ಅರೇಹಳ್ಳಿ ಕಡೆ ಎಲ್ಲರೂ ಸ್ವಲ್ಪ ಧಾರಾಳಿಗಳೇ. ಬೇಕಾದ್ದಕ್ಕಿಂತ ಬೇಡದ್ದನ್ನು ಕೊಳ್ಳೋದು ಆಗಲೇ. ಕೆಲವು ವರ್ಷದ ಹಿಂದೆ ಅಂಥದೊಂದು ಮಾರ್ಚ್ ತಿಂಗಳಲ್ಲಿ ನಾನು ನನ್ನ ಬೈಕಿನ ಹಿಂದಿನ ಚಕ್ರಕ್ಕೆ ಅಲ್ಯೂಮಿನಿಯಂ ಸ್ಪ್ರಾಕೆಟ್ ಹಾಕಿಸಿದೆ.

ಸ್ಪ್ರಾಕೆಟ್ ಅಂದರೆ ಚೈನು ಕೂರುವ ಹಲ್ಲಿನ ಚಕ್ರ. ಬೈಕಿನಲ್ಲಿ ಅವು ಎರಡಿರುತ್ತವೆ. ಇಂಜಿನ್ ಪಕ್ಕ ಒಂದು ಚಿಕ್ಕದು, ಹಿಂದಿನ ಚಕ್ರಕ್ಕೆ ಒಂದು ದೊಡ್ಡದು. ಸಾಮಾನ್ಯ ಬೈಕುಗಳಲ್ಲಿ ಎರಡೂ ಉಕ್ಕಿನವೇ. ನಮ್ಮೂರ ಗ್ಯಾರೇಜಿನಲ್ಲಿ ಇದರ ಹೆಸರು ಬರೀ ‘ಸ್ಪಾಕೆಟ್’. ಅಲ್ಯೂಮಿನಿಯಂನದು ಬಂದಿದ್ದು ನನ್ನ ಅಣ್ಣನ ಮಗನ ಕೈಯಲ್ಲಿ. ಬೆಂಗಳೂರಿನಲ್ಲಿ ಓದುವ ಹುಡುಗ, ಭಾನುವಾರ ಬಂದರೆ ಗೆಳೆಯರ ಜೊತೆ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಹಾರಿಸುವವನು. ಬಂಗಾರದ ಬಣ್ಣದ ಆ ಚಕ್ರವನ್ನು ನನ್ನ ಅಂಗೈ ಮೇಲಿಟ್ಟು, ‘ಚಿಕ್ಕಪ್ಪ, ಇದು ವಿಮಾನದ ಅಲ್ಯೂಮಿನಿಯಂ. ಹಾಕಿಸಿ ನೋಡಿ, ಗಾಡಿ ಹಾರುತ್ತೆ’ ಅಂದ. ಮೆಣಸು ತೂಗುವ ತಕ್ಕಡಿಯಲ್ಲಿಟ್ಟು ನೋಡಿದೆ. ಹಳೇ ಉಕ್ಕಿನದು 860 ಗ್ರಾಂ, ಇದು 340. ಅರ್ಧ ಕಿಲೋಗಿಂತ ಜಾಸ್ತಿ ಉಳಿತಾಯ! ಬೆಲೆ ಉಕ್ಕಿನದಕ್ಕಿಂತ ಹೆಚ್ಚು ಅನ್ನೋದು ಆ ಮಾರ್ಚ್ ತಿಂಗಳಲ್ಲಿ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಗ್ಯಾರೇಜಿನ ಭಾಯ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಹಾಕೋದೇನೋ ಹಾಕ್ತೀನಿ ಸಾರ್. ಆದ್ರೆ ಇದು ನಮ್ ರೋಡಿನ ಮಾಲಲ್ಲ. ಹಾಕ್ಲೇಬೇಕು ಅಂದ್ರೆ ಚೈನೂ ಹೊಸದು ಹಾಕಿ’ ಅಂದರು. ಚೈನು ಇನ್ನೂ ಒಂದು ವರ್ಷ ಬರುತ್ತೆ ಬಿಡಿ ಅಂದೆ. ಅಷ್ಟು ಹೊತ್ತಿಗೆ ಧಾರಾಳತನ ಮುಗಿದಿತ್ತು.

ಗಾಡಿ ಹಾರಿತಾ? ಮೊದಲ ವಾರ ಹಾರಿದ ಹಾಗೇ ಅನ್ನಿಸಿತು. ಬೇಲೂರಿಗೆ ಹೋಗಿ ಬರುವಾಗ ಎಷ್ಟೋ ಸಲ ಬಗ್ಗಿ ಬಂಗಾರದ ಬಣ್ಣ ನೋಡಿಕೊಂಡಿದ್ದೇನೆ. ಆಮೇಲೆ ಜೂನ್ ಬಂತು. ಮಳೆ ಹಿಡೀತು.

ಆಗಸ್ಟಿನ ಒಂದು ಸಂಜೆ ತೋಟದ ಲೈನಿನಲ್ಲಿರುವ ಹೆಂಗಸೊಬ್ಬಳು ಓಡಿ ಬಂದಳು. ಮಗಳಿಗೆ ಮೂರು ದಿನದಿಂದ ಜ್ವರ, ಈಗ ಕಣ್ಣು ಬಿಡ್ತಾ ಇಲ್ಲ. ಜೀಪು ಬೇರೆ ಕಡೆ ಹೋಗಿತ್ತು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳು ಹಿಂದೆ ಕೂತಳು, ನಾನು ಬೈಕ್ ತೆಗೆದೆ. ತೋಟದ ದಾರಿಯಿಂದ ಟಾರು ರಸ್ತೆಗೆ ಹತ್ತುವ ಏರಿನಲ್ಲಿ ಹಿಂದಿನಿಂದ ಕಟಕಟ ಅಂತ ಸದ್ದು. ಇಂಜಿನ್ ಕೂಗುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಚೈನು ಹಲ್ಲಿನ ಮೇಲೆ ಕೂರದೆ ಹಾರುತ್ತಿತ್ತು. ಇನ್ನೊಂದು ಸಲ ಎಕ್ಸಲೇಟರ್ ಕೊಟ್ಟೆ, ಪೂರ್ತಿ ಕಳಚಿ ಬಿತ್ತು. ಪಕ್ಕದ ತೋಟದಲ್ಲಿ ಆನೆಗಳಿವೆ, ಯಾರೂ ಓಡಾಡಬೇಡಿ ಅಂತ ಅವತ್ತು ಮಧ್ಯಾಹ್ನವೇ ಮೊಬೈಲಿಗೆ ಸಂದೇಶ ಬಂದಿತ್ತು. ಅರೇಹಳ್ಳಿ, ಬಿಕ್ಕೋಡು ಕಡೆಯವರಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ. ಆನೆ ತುಳಿತಕ್ಕೆ ಸಿಕ್ಕವರ ಹೆಸರುಗಳು ಇಲ್ಲಿ ಎಲ್ಲರಿಗೂ ಬಾಯಿಪಾಠ.

ಮಳೆ, ಕತ್ತಲೆ, ಮೊಬೈಲಿನ ಬೆಳಕು. ಬೆರಳಿಗೆ ಗ್ರೀಸು ಮೆತ್ತಿಕೊಂಡು ಎರಡು ಸಲ ಚೈನು ಏರಿಸಿದೆ, ಎರಡು ಸಲವೂ ಹಾರಿತು. ‘ಅಣ್ಣ, ಇದು ಮೊನ್ನೆ ಮೊನ್ನೆ ಹಾಕ್ಸಿದ್ದಲ್ವಾ?’ ಅಂತ ಅವಳು ಕೇಳಿದಳು. ಆ ಪ್ರಶ್ನೆಯಲ್ಲಿ ವ್ಯಂಗ್ಯ ಇರಲಿಲ್ಲ. ಹೊಸದು ಯಾಕೆ ಕೈಕೊಡ್ತು ಅಂತ ನಿಜವಾಗಿ ತಿಳಿಯದೆ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಜೀಪು ಬಂತು. ಆನೆ ಬರಲಿಲ್ಲ. ಮಗು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಹುಷಾರಾಯಿತು. ಏನೂ ಆಗಲಿಲ್ಲ ಅಂತಲೇ ಹೇಳಬೇಕು.

ಮಾರನೇ ದಿನ ಭಾಯ್ ಸ್ಪ್ರಾಕೆಟ್ ಬಿಚ್ಚಿ ಕೈಗೆ ಕೊಟ್ಟರು. ಬಂಗಾರದ ಬಣ್ಣ ಹೋಗಿ ಹಲ್ಲುಗಳೆಲ್ಲ ಒಂದೇ ಕಡೆಗೆ ಬಾಗಿದ್ದವು, ಸವೆದ ಕುಡುಗೋಲಿನ ತುದಿಯ ಹಾಗೆ. ಓಡಿದ್ದು ಆರು ಸಾವಿರ ಕಿಲೋಮೀಟರ್. ಆ ಹೆಂಗಸಿನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನು ನೂರೈವತ್ತು ವರ್ಷ ಹಿಂದಕ್ಕೆ ಹೋಗಿ ಬಂದೆ. ಈ ಎರಡು ಲೋಹಗಳು ಬೈಕಿನ ಚಕ್ರಕ್ಕೆ ಎರಡು ಬೇರೆ ದಾರಿಯಲ್ಲಿ ಬಂದಿವೆ. ಆ ದಾರಿ ಗೊತ್ತಾದರೆ ಯಾವುದನ್ನು ಆರಿಸಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ.

ಮೊದಲು ಚೈನಿನ ಕಥೆ. ಇವತ್ತು ನಮ್ಮ ಬೈಕಿನಲ್ಲಿರುವ ರೋಲರ್ ಚೈನು ಹುಟ್ಟಿದ್ದು ಬಟ್ಟೆ ಗಿರಣಿಗಳ ನಡುವೆ. ಹ್ಯಾನ್ಸ್ ರೆನಾಲ್ಡ್ ಅಂತ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಇಂಜಿನಿಯರ್, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನಲ್ಲಿ ಗಿರಣಿ ಯಂತ್ರಗಳಿಗೆ ಚೈನು ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು 1879ರಲ್ಲಿ ಕೊಂಡ. ಅಲ್ಲಿಯವರೆಗಿನ ಚೈನುಗಳಲ್ಲಿ ತೆಳ್ಳಗಿನ ಪಿನ್ನಿನ ಮೇಲೆ ಎಲ್ಲ ಭಾರ ಬಿದ್ದು ಅದು ಬೇಗ ಸವೆಯುತ್ತಿತ್ತು. ರೆನಾಲ್ಡ್ 1880ರಲ್ಲಿ ಪಿನ್ನಿನ ಮೇಲೊಂದು ಬುಶ್, ಬುಶ್ಶಿನ ಮೇಲೆ ಉರುಳುವ ರೋಲರ್ ಕೂರಿಸಿದ. ಸವೆತ ಹಂಚಿಹೋಯಿತು, ರೋಲರ್ ಹಲ್ಲನ್ನು ಉಜ್ಜುವ ಬದಲು ಉರುಳಿಕೊಂಡು ಕೂರುವ ಹಾಗಾಯಿತು. ಐದು ವರ್ಷ ಕಳೆದು 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರಕ್ಕೆ ಚೈನು ಹಾಕಿದ ‘ರೋವರ್’ ಸೈಕಲ್ ತಂದ. ನಾವು ಇವತ್ತು ಸೈಕಲ್ ಅಂತ ಕರೆಯೋದೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು.

ಆದರೆ ಮೋಟಾರ್ ಸೈಕಲ್ ಬಂದಾಗ ಬಹಳ ಜನ ಚೈನು ನಂಬಲಿಲ್ಲ. ಚರ್ಮದ ಬೆಲ್ಟ್ ಕಟ್ಟಿದರು. ಬೆಲ್ಟ್ ಹಗುರ, ಸದ್ದಿಲ್ಲ, ಅಗ್ಗ. ಒಂದೇ ಕಾಯಿಲೆ, ಮಳೆ ಬಂದರೆ ಜಾರುತ್ತೆ. ಹಳೇ ಪಲ್ಪರ್ ಮನೆಗಳಲ್ಲಿ ಒದ್ದೆಯಾದ ಬೆಲ್ಟ್ ಜಾರುವುದನ್ನು ನೋಡಿದವರಿಗೆ ಇದು ಗೊತ್ತು. ಈ ಜಗಳ ತೀರಿದ್ದರಲ್ಲಿ ಬ್ರಿಟನ್ನಿನ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿಗೆ ದೊಡ್ಡ ಪಾತ್ರವಿದೆ. 1911ರಲ್ಲಿ ಆ ರೇಸನ್ನು ಮೊದಲ ಸಲ ಬೆಟ್ಟ ಹತ್ತಿ ಇಳಿಯುವ ದಾರಿಯಲ್ಲಿ ಇಟ್ಟರು. ದೊಡ್ಡ ಬೈಕುಗಳ ವಿಭಾಗದಲ್ಲಿ ಮೊದಲ ಮೂರೂ ಸ್ಥಾನ ಹೋಗಿದ್ದು ‘ಇಂಡಿಯನ್’ ಅನ್ನುವ ಹೆಸರಿನ ಅಮೆರಿಕದ ಬೈಕಿಗೆ. ಅದರಲ್ಲಿ ಎರಡು ಗೇರು, ಜೊತೆಗೆ ಚೈನು. ಏರು ದಾರಿ ಬಂದಾಗ ಬೆಲ್ಟಿನ ನಾಜೂಕು ಕೆಲಸಕ್ಕೆ ಬರಲಿಲ್ಲ. ಅಲ್ಲಿಂದ ಮುಂದೆ ಬೆಲ್ಟಿನ ದಿನಗಳು ಮುಗಿಯುತ್ತಾ ಬಂದವು.

ಚೈನು ಗೆದ್ದ ಮೇಲೆ ಅದರ ಜೊತೆಗೆ ಉಕ್ಕಿನ ಹಲ್ಲಿನ ಚಕ್ರವೂ ಗೆದ್ದ ಹಾಗೆಯೇ. ಯಾಕೆ ಉಕ್ಕು ಅಂತ ಒಂದು ಲೆಕ್ಕ ಹಾಕಿ ನೋಡೋಣ. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಅಂತಿಟ್ಟುಕೊಳ್ಳಿ. ಬೈಕಿನ ಚಕ್ರ ಒಂದು ಸುತ್ತು ಬಂದರೆ ಸುಮಾರು ಎರಡು ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಐನೂರು ಚಿಲ್ಲರೆ ಸುತ್ತು. ಹಿಂದಿನ ಸ್ಪ್ರಾಕೆಟ್ಟಿನ ಪ್ರತಿಯೊಂದು ಹಲ್ಲೂ ಕಿಲೋಮೀಟರಿಗೆ ಐನೂರು ಸಲ ಚೈನಿನ ಎಳೆತ ತಿನ್ನುತ್ತೆ. ನನ್ನ ಆರು ಸಾವಿರ ಕಿಲೋಮೀಟರಿನಲ್ಲಿ ಒಂದೊಂದು ಹಲ್ಲೂ ಮೂವತ್ತು ಲಕ್ಷ ಸಲ ತಿಂದಿದೆ. ಮುಂದಿನ ಚಿಕ್ಕ ಸ್ಪ್ರಾಕೆಟ್ಟಿನ ಹಲ್ಲಿಗೆ ಇದರ ಮೂರರಷ್ಟು, ತೊಂಬತ್ತು ಲಕ್ಷ. ಅದಕ್ಕೇ ಹಿಂದಿನದನ್ನು ಅಲ್ಯೂಮಿನಿಯಂನಲ್ಲಿ ಮಾರುವ ಕಂಪನಿಗಳೂ ಮುಂದಿನದನ್ನು ಸಾಮಾನ್ಯವಾಗಿ ಉಕ್ಕಿನಲ್ಲೇ ಮಾಡೋದು. ಉಕ್ಕಿನ ಗುಣ ಏನೆಂದರೆ ಅದನ್ನು ಬೇಕಾದ ಕಡೆ ಮಾತ್ರ ಗಟ್ಟಿ ಮಾಡಬಹುದು. ನೂರು ಗ್ರಾಮಿಗೆ ಅರ್ಧ ಗ್ರಾಮಿನಷ್ಟು ಇಂಗಾಲ ಇರುವ ಉಕ್ಕು ತಗೊಂಡು, ಹಲ್ಲನ್ನಷ್ಟೇ ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಹಲ್ಲು ಗಡುಸಾಗುತ್ತೆ, ಒಳಗಿನ ತಟ್ಟೆ ಮೊದಲಿನ ಹಾಗೆ ಬಾಳಿಕೆಯ ಹದದಲ್ಲಿ ಉಳಿಯುತ್ತೆ. ಕುಲುಮೆಯಲ್ಲಿ ಕತ್ತಿಯ ಬಾಯಿಗೆ ನೀರು ಕುಡಿಸುವುದನ್ನು ನೋಡಿದ್ದರೆ ನೀವು ಇದನ್ನೇ ನೋಡಿದ್ದೀರಿ.

ಉಕ್ಕು ನಮಗೆ ದೂರದ ಮಾತೂ ಅಲ್ಲ. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಇವೆರಡನ್ನು ನಂಬಿಕೊಂಡು ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿತು. 1923ರಲ್ಲಿ ಅಲ್ಲಿ ಕಬ್ಬಿಣ ಹರಿಯಿತು, 1930ರ ದಶಕದಲ್ಲಿ ಉಕ್ಕೂ ಬಂತು. ಕಾರ್ಖಾನೆಯನ್ನು ನಷ್ಟದಿಂದ ಎತ್ತಿ ನಿಲ್ಲಿಸಿದವರು ವಿಶ್ವೇಶ್ವರಯ್ಯನವರು. ನಮ್ಮ ಮನೆಯ ಹಳೇ ಗುದ್ದಲಿ, ಹಾರೆಗಳನ್ನು ಅಪ್ಪ ‘ಭದ್ರಾವತಿ ಮಾಲು’ ಅಂತಲೇ ಕರೆಯುತ್ತಿದ್ದರು. ಮಾಲು ನಿಜವಾಗಿ ಅಲ್ಲಿಂದ ಬಂದದ್ದೋ ಅಲ್ಲವೋ, ಬೇಗ ಸವೆಯದ್ದಕ್ಕೆಲ್ಲ ಅವರ ಬಾಯಲ್ಲಿ ಆ ಹೆಸರು.

ಈಗ ಅಲ್ಯೂಮಿನಿಯಂ. ಭೂಮಿಯಲ್ಲಿ ಬೇಕಾದಷ್ಟಿದ್ದರೂ ಈ ಲೋಹ ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಶ್ರೀಮಂತರ ಸೊತ್ತು. ಅದನ್ನು ಮಣ್ಣಿನಿಂದ ಬಿಡಿಸುವುದೇ ಕಷ್ಟವಾಗಿತ್ತು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ ಎಂಬ ಇಬ್ಬರು ಹುಡುಗರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಕರೆಂಟ್ ಹಾಯಿಸಿ ಅದನ್ನು ಬಿಡಿಸುವ ದಾರಿ ಕಂಡರು. ಇವತ್ತಿಗೂ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಹದಿಮೂರರಿಂದ ಹದಿನೈದು ಯೂನಿಟ್ ಕರೆಂಟ್ ಬೇಕು. ನನ್ನ 340 ಗ್ರಾಮಿನ ಚಕ್ರದಲ್ಲಿ ಸುಮಾರು ಐದು ಯೂನಿಟ್ ಕರೆಂಟ್ ಕೂತಿತ್ತು ಅಂತಾಯಿತು.

ಆದರೆ ಬರೀ ಅಲ್ಯೂಮಿನಿಯಂ ಪಾತ್ರೆಗೆ ಸರಿ, ಯಂತ್ರಕ್ಕೆ ಮೆತ್ತಗಾಯಿತು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ, ಮೆಗ್ನೀಸಿಯಂ ಬೆರೆಸಿ ಕಾಯಿಸಿ ತಣಿಸಿದ ತುಂಡೊಂದು ಕೆಲವು ದಿನ ಸುಮ್ಮನೆ ಬಿದ್ದಿದ್ದಕ್ಕೇ ಗಟ್ಟಿಯಾಗಿದ್ದನ್ನು ಕಂಡ. ಅದೇ ಡ್ಯುರಾಲುಮಿನ್. ವಿಮಾನಗಳು ಮರ, ಬಟ್ಟೆ ಬಿಟ್ಟು ಲೋಹಕ್ಕೆ ಬಂದಿದ್ದು ಈ ದಾರಿಯಲ್ಲಿ. 1930ರ ದಶಕದ ನಡುವೆ ಜಪಾನಿನವರು ಸತು ಬೆರೆಸಿ ಇನ್ನೂ ಗಟ್ಟಿಯಾದ ಮಿಶ್ರಲೋಹ ಮಾಡಿ ತಮ್ಮ ‘ಝೀರೋ’ ಯುದ್ಧವಿಮಾನಕ್ಕೆ ಬಳಸಿದರು. ಅಮೆರಿಕದ ಅಲ್ಕೋವಾ ಕಂಪನಿ 1943ರಲ್ಲಿ ಅದೇ ಜಾತಿಯ 7075 ಅನ್ನುವ ಮಿಶ್ರಲೋಹ ತಂದಿತು. ನನ್ನ ಅಣ್ಣನ ಮಗ ಹೇಳಿದ ‘ವಿಮಾನದ ಅಲ್ಯೂಮಿನಿಯಂ’ ಇದೇ. ಸುಳ್ಳಲ್ಲ. ಒಳ್ಳೆಯ ಸ್ಪ್ರಾಕೆಟ್ ಮಾಡುವವರು ಇವತ್ತಿಗೂ ಬಳಸೋದು 7075.

ಆ ಯುದ್ಧದ ದಿನಗಳಲ್ಲಿ ನಮ್ಮ ಬೆಂಗಳೂರಿಗೂ ವಿಮಾನದ ಅಲ್ಯೂಮಿನಿಯಂ ಬಂದಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧ ಮುಗಿಯುವವರೆಗೆ ಅಮೆರಿಕದ ವಿಮಾನಗಳ ರಿಪೇರಿಯಲ್ಲಿ ಮುಳುಗಿತ್ತು. ಅದೇ ಮುಂದೆ ಎಚ್‌ಎಎಲ್ ಆಯಿತು. ಅಂದರೆ ಒಂದೇ ಸಂಸ್ಥಾನದಲ್ಲಿ ಭದ್ರಾವತಿಯ ಉಕ್ಕು, ಬೆಂಗಳೂರಿನ ವಿಮಾನದ ಲೋಹ ಎರಡೂ ಇದ್ದವು. ಎರಡರ ಕೆಲಸ ಬೇರೆ ಬೇರೆ. ಒಂದು ಮಣ್ಣಿಗೆ ಇಳಿಯಿತು, ಇನ್ನೊಂದು ಮಣ್ಣು ಬಿಟ್ಟು ಮೇಲೆ ಹೋಯಿತು.

ಇಲ್ಲಿ ನನ್ನ ತಲೆಗೆ ಹೊಳೆದಿದ್ದು ಒಂದು. ವಿಮಾನದಲ್ಲಿ ಈ ಲೋಹ ಮಾಡುವ ಕೆಲಸ ಭಾರ ಹೊರುವುದು, ಮರಳಿನಲ್ಲಿ ಉಜ್ಜಿಸಿಕೊಳ್ಳುವುದಲ್ಲ. ಎಳೆದರೆ 7075 ಸಾಧಾರಣ ಉಕ್ಕಿಗಿಂತ ಕಡಿಮೆ ಇಲ್ಲ, ಹಾಗೆ ಮುರಿಯೋದಿಲ್ಲ. ನನ್ನ ಸ್ಪ್ರಾಕೆಟ್ಟೂ ಮುರಿಯಲಿಲ್ಲ, ಸವೆಯಿತು. ಗಟ್ಟಿ ಅನ್ನುವ ಒಂದೇ ಮಾತಿನಲ್ಲಿ ನಾವು ಎರಡು ಗುಣ ಸೇರಿಸಿಬಿಡುತ್ತೇವೆ. ಮುರಿಯದಿರೋದು ಒಂದು, ಸವೆಯದಿರೋದು ಇನ್ನೊಂದು. ಬಂಗಾರದ ಬಣ್ಣದ ಪದರ ಇದೆಯಲ್ಲ, ಅದು ಅಲ್ಯೂಮಿನಿಯಂನ ಆಕ್ಸೈಡು. ಪದರವೇನೋ ಗಡುಸು. ಆದರೆ ಕೂದಲೆಳೆಗಿಂತ ದಪ್ಪ ಇರೋದಿಲ್ಲ. ನಮ್ಮ ತೋಟದ ದಾರಿಯ ಕೆಸರಿನಲ್ಲಿರುವ ಬೆಣಚುಕಲ್ಲಿನ ಪುಡಿ ಎಣ್ಣೆಯ ಜೊತೆ ಸೇರಿದರೆ ಅರೆಯುವ ಪೇಸ್ಟ್. ಪದರ ಹೋದ ಮೇಲೆ ಒಳಗಿನ ಲೋಹ ಅದರ ಮುಂದೆ ಬೆಣ್ಣೆ.

ಬೇಲೂರಿನವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನವನ್ನು ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕಟ್ಟಿದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುವ ಕಲ್ಲು ಅದು. ಮೆತ್ತಗಿದ್ದುದಕ್ಕೇ ಕಂಬಗಳನ್ನು ತಿರುಗಿಸಿ ಕಡೆಯಲು ಆಯಿತು, ಬೆರಳಿನ ಉಂಗುರವನ್ನೂ ಬಿಡಿಸಲು ಆಯಿತು. ಒಂಬೈನೂರು ವರ್ಷ ನಿಂತೂ ಇದೆ. ಆದರೆ ಅದೇ ಬೇಲೂರಿನ ಯಾವ ಅಜ್ಜಿಯೂ ಆ ಕಲ್ಲಿನಲ್ಲಿ ರಾಗಿ ಬೀಸುವ ಕಲ್ಲು ಮಾಡಿಸಲಿಲ್ಲ. ಮಾಡಿಸಿದ್ದರೆ ಮುದ್ದೆಯಲ್ಲಿ ಹಿಟ್ಟಿಗಿಂತ ಕಲ್ಲಿನ ಪುಡಿ ಜಾಸ್ತಿ ಇರುತ್ತಿತ್ತು. ನಿಲ್ಲುವ ಕೆಲಸಕ್ಕೆ ಒಂದು ಕಲ್ಲು, ಉಜ್ಜುವ ಕೆಲಸಕ್ಕೆ ಇನ್ನೊಂದು.

ಹಾಗಾದರೆ ಅಲ್ಯೂಮಿನಿಯಂ ಸ್ಪ್ರಾಕೆಟ್ ಬಂದದ್ದಾದರೂ ಯಾಕೆ? ರೇಸಿನಿಂದ. ಮೋಟೋಕ್ರಾಸ್ ಅಂದರೆ ಮಣ್ಣಿನ ಗುಡ್ಡಗಳ ಮೇಲೆ ಹಾರುವ ರೇಸು. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಒಂದು ಓಟ ಅರ್ಧ ಗಂಟೆ, ಮೇಲೆ ಎರಡು ಸುತ್ತು. ಅಲ್ಲಿ ಬೈಕು ಹಾರಿ ಬೀಳುವಾಗ ಹಿಂದಿನ ಚಕ್ರದಲ್ಲಿ ಎಷ್ಟು ಭಾರ ಕಡಿಮೆ ಇದ್ದರೆ ಸ್ಪ್ರಿಂಗು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತೆ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಬೆಲೆ ಇರುವ ಕಡೆ ಅರ್ಧ ಕಿಲೋ ಸಣ್ಣದಲ್ಲ. ಹಲ್ಲು ಸವೆದರೆ? ಬದಲಿಸುತ್ತಾರೆ. ದಿನಗಟ್ಟಲೆ ಓಡುವ ರ‍್ಯಾಲಿಗಳಲ್ಲೂ ಅಷ್ಟೇ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದ ಡಾಕರ್ ರ‍್ಯಾಲಿಯನ್ನು ಪೂರ್ತಿ ಓಡಿಸಿ ಮುಗಿಸಿದ ಮೊದಲ ಭಾರತೀಯ ಬೈಕ್ ಸವಾರರಾದರು. ಅಂಥ ರ‍್ಯಾಲಿಗಳಲ್ಲಿ ಸವಾರ ಮಲಗಿದ ಮೇಲೆ ಮೆಕ್ಯಾನಿಕ್‌ಗಳು ರಾತ್ರಿಯೆಲ್ಲ ಕೂತು ಗಾಡಿ ಬಿಚ್ಚಿ ಸವೆದದ್ದನ್ನೆಲ್ಲ ತೆಗೆದು ಹೊಸದು ಹಾಕುತ್ತಾರೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ಕಾರು ರ‍್ಯಾಲಿ ನೋಡಿದವರಿಗೆ ಆ ಸರ್ವಿಸ್ ಟೆಂಟುಗಳ ಪರಿಚಯ ಇದ್ದೇ ಇದೆ.

ಅಲ್ಯೂಮಿನಿಯಂ ಸ್ಪ್ರಾಕೆಟ್ಟಿನ ಹಿಂದೆ ಯಾವಾಗಲೂ ಒಂದು ಟೆಂಟು, ಇಬ್ಬರು ಮೆಕ್ಯಾನಿಕ್ಕು, ಒಂದು ಪೆಟ್ಟಿಗೆ ಹೊಸ ಸಾಮಾನು ಇರುತ್ತೆ. ನಾನು ಕೊಂಡಿದ್ದು ಸ್ಪ್ರಾಕೆಟ್ ಮಾತ್ರ. ಟೆಂಟು ಕೊಂಡಿರಲಿಲ್ಲ.

ಇನ್ನು ‘ಗಾಡಿ ಹಾರುತ್ತೆ’ ಅನ್ನೋ ಮಾತು. ತಿರುಗುವ ಚಕ್ರದಲ್ಲಿ ತೂಕ ಎಷ್ಟಿದೆ ಅನ್ನೋದರ ಜೊತೆಗೆ ನಡುವಿನಿಂದ ಎಷ್ಟು ದೂರ ಇದೆ ಅನ್ನೋದೂ ಲೆಕ್ಕ. ದೂರ ಎರಡರಷ್ಟಾದರೆ ಪರಿಣಾಮ ನಾಲ್ಕರಷ್ಟು. 42 ಹಲ್ಲಿನ ಸ್ಪ್ರಾಕೆಟ್ಟಿನ ಹಲ್ಲುಗಳು ನಡುವಿನಿಂದ ಎಂಟೂವರೆ ಸೆಂಟಿಮೀಟರ್ ದೂರ. ಟೈರಿನ ಮೇಲ್ಮೈ ಮೂವತ್ತೊಂದು ಸೆಂಟಿಮೀಟರ್ ದೂರ. ಲೆಕ್ಕ ಹಾಕಿದರೆ ಸ್ಪ್ರಾಕೆಟ್ಟಿನಲ್ಲಿ ಉಳಿಸಿದ ಅರ್ಧ ಕಿಲೋ ಟೈರಿನ ಮೇಲಿನ ನಲವತ್ತು ಗ್ರಾಮಿಗೂ ಸಮ ಆಗೋದಿಲ್ಲ. ಒಂದು ನಿಂಬೆಹಣ್ಣಿನ ತೂಕ! ಜೂನ್ ತಿಂಗಳಲ್ಲಿ ನಮ್ಮ ತೋಟದ ಗೇಟು ದಾಟುವುದರೊಳಗೆ ಟೈರಿಗೆ ನಾಲ್ಕು ನಿಂಬೆಹಣ್ಣಿನಷ್ಟು ಕೆಸರು ಮೆತ್ತಿರುತ್ತೆ. ಉಳಿದಂತೆ ಬೈಕಿನ ಒಟ್ಟು ತೂಕದಲ್ಲಿ ಅರ್ಧ ಕಿಲೋ ಕಮ್ಮಿಯಾಗಿದ್ದು ನಿಜ. ಅರ್ಧ ಲೀಟರ್ ನೀರಿನ ಬಾಟಲಿ ಮನೆಯಲ್ಲಿ ಬಿಟ್ಟು ಹೋಗಿದ್ದರೂ ಅಷ್ಟೇ ಆಗುತ್ತಿತ್ತು.

ತಪ್ಪೆಲ್ಲ ಲೋಹದ್ದು ಅಂತ ಹೇಳಿದರೆ ಅನ್ಯಾಯ. ಭಾಯ್ ಹೇಳಿದ ಹಾಗೆ ನಾನು ಚೈನು ಬದಲಿಸಿರಲಿಲ್ಲ. ಹಳೇ ಚೈನು ಉದ್ದ ಆಗಿದೆ ಅಂತೀವಲ್ಲ, ಲೋಹ ಎಳೆದುಕೊಂಡು ಉದ್ದವಾಗೋದಲ್ಲ ಅದು. ಒಳಗಿನ ಪಿನ್ನು, ಬುಶ್ಶು ಸವೆದು ಒಂದೊಂದು ಕೊಂಡಿಯೂ ಸ್ವಲ್ಪ ಸ್ವಲ್ಪ ಸಡಿಲಾಗಿ, ಕೊಂಡಿಯಿಂದ ಕೊಂಡಿಗೆ ದೂರ ಜಾಸ್ತಿಯಾಗಿರುತ್ತೆ. ಹೊಸ ಚಕ್ರದ ಹಲ್ಲುಗಳ ಅಳತೆಗೂ ಅದಕ್ಕೂ ಹೊಂದೋದಿಲ್ಲ. ಭಾರವೆಲ್ಲ ಒಂದೆರಡು ಹಲ್ಲಿನ ಮೇಲೆ ಬೀಳುತ್ತೆ. ಉಕ್ಕಾಗಿದ್ದರೆ ಆ ಅನ್ಯಾಯವನ್ನು ಇನ್ನಷ್ಟು ದಿನ ತಡೆದುಕೊಳ್ಳುತ್ತಿತ್ತು. ಅಲ್ಯೂಮಿನಿಯಂ ತಡೆಯಲಿಲ್ಲ. ಎರಡರ ವ್ಯತ್ಯಾಸ ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತೆ. ಉಕ್ಕು ನಮ್ಮ ಸೋಮಾರಿತನವನ್ನು, ಜುಗ್ಗತನವನ್ನು ಒಂದಷ್ಟು ಕ್ಷಮಿಸುತ್ತೆ.

ಅಪ್ಪನ ಜಾವಾ ನೆನಪಾಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ, ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಒಪ್ಪಿಗೆ ಪಡೆದು, 1961ರಿಂದ 250 ಸಿ.ಸಿ. ಬೈಕು ಮಾಡುತ್ತಿತ್ತು. 1970ರ ದಶಕದಲ್ಲಿ ಅದೇ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಜಾವಾದಲ್ಲಿ ಚೈನು ಕಣ್ಣಿಗೇ ಕಾಣುತ್ತಿರಲಿಲ್ಲ. ಮುಂದಿನಿಂದ ಹಿಂದಿನವರೆಗೆ ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಓಡುತ್ತಿತ್ತು. ಕೆಸರು ಒಳಗೆ ಹೋಗುತ್ತಿರಲಿಲ್ಲ, ಗ್ರೀಸು ಹೊರಗೆ ಬರುತ್ತಿರಲಿಲ್ಲ. ಇದೇ ತೋಟದ ದಾರಿಯಲ್ಲಿ ಅಪ್ಪ ಗೊಬ್ಬರದ ಮೂಟೆ ಹೊತ್ತದ್ದು, ನಮ್ಮನ್ನು ಸ್ಕೂಲಿಗೆ ಬಿಟ್ಟದ್ದು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಎಲ್ಲ ಅದರಲ್ಲೇ. ಚೈನು ಕಳಚಿ ದಾರಿಯಲ್ಲಿ ನಿಂತ ಕಥೆ ಅಪ್ಪನ ಬಾಯಲ್ಲಿ ನಾನು ಕೇಳಿಲ್ಲ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ಕ್ಕೂ ಚೈನಿನ ಪೆಟ್ಟಿಗೆ ಇತ್ತು. ಹಾಲು ಹಾಕುವವರು, ಪೋಸ್ಟಿನವರು, ಮೇಷ್ಟ್ರುಗಳು ಓಡಿಸುವ ಗಾಡಿಗಳಿಗೆ ಇವತ್ತಿಗೂ ಇರುತ್ತೆ. ಆಮೇಲೆ ರೇಸಿನ ಗಾಡಿಯ ಹಾಗೆ ಕಾಣಬೇಕು ಅಂತ ನಾವು ಪೆಟ್ಟಿಗೆ ತೆಗೆದೆವು. ಚೈನು ಬಯಲಿಗೆ ಬಂತು. ಹಗುರವೋ ಉಕ್ಕೋ ಅನ್ನುವ ಪ್ರಶ್ನೆ ಇಷ್ಟು ಜೋರಾಗಿದ್ದೇ ಆಮೇಲೆ.

ಅಂದರೆ ಸವೆತವನ್ನು ಎದುರಿಸಲು ಮೂರು ದಾರಿ. ಗಡುಸು ಮಾಡು, ಮುಚ್ಚಿಡು, ಇಲ್ಲವೇ ಸವೆದ ಹಾಗೆ ಬದಲಿಸುತ್ತಾ ಇರು. ಗಿರಣಿ, ಸೈಕಲ್ಲಿನವರು ಮೊದಲನೆಯದನ್ನು ಹಿಡಿದರು. ಜಾವಾದವರು ಅದರ ಮೇಲೆ ಎರಡನೆಯದನ್ನೂ ಸೇರಿಸಿದರು. ರೇಸಿನವರಿಗೆ ಮೂರನೆಯದು. ಮೂರೂ ಸರಿಯೇ. ಮೂರನೆಯ ದಾರಿಯ ಸಾಮಾನು ತಂದು, ಮೊದಲನೆಯ ದಾರಿಯ ಹಾಗೆ ಮರೆತು ಓಡಿಸಿದವನು ನಾನು.

ನಾಲ್ಕನೆಯದೂ ಒಂದಿದೆ. ಹೊರಗೆ ಹಲ್ಲುಗಳಿರುವ ಉಕ್ಕಿನ ಉಂಗುರ, ಒಳಗೆ ಅಲ್ಯೂಮಿನಿಯಂ ತಟ್ಟೆ, ಎರಡನ್ನೂ ರಿವೆಟ್ ಹೊಡೆದು ಸೇರಿಸಿದ್ದು. ಫೋನಿನಲ್ಲಿ ಅಣ್ಣನ ಮಗ ಇದರ ಬಗ್ಗೆ ‘ಹೊಸ ಟೆಕ್ನಾಲಜಿ ಚಿಕ್ಕಪ್ಪ’ ಅಂದಾಗ ನನಗೆ ನಗು ಬಂತು. ನಮ್ಮ ಅಟ್ಟಕ್ಕೆ ಒರಗಿಸಿಟ್ಟ ಹಳೇ ಎತ್ತಿನ ಗಾಡಿಯ ಚಕ್ರ ಮತ್ತೇನು? ಪೂರ್ತಿ ಮರ, ನೆಲ ಮುಟ್ಟುವ ಸುತ್ತಿಗೆ ಮಾತ್ರ ಕಬ್ಬಿಣದ ಪಟ್ಟಿ. ನೇಗಿಲೂ ಅಷ್ಟೇ, ಮೈಯೆಲ್ಲ ಮರ, ಮಣ್ಣು ಸೀಳುವ ತುದಿಗೆ ಗುಳ. ಒನಕೆಗೂ ಭತ್ತ ಕುಟ್ಟುವ ತುದಿಗೊಂದು ಕಬ್ಬಿಣದ ಬಳೆ. ಎಲ್ಲಿ ಹೊರಬೇಕೋ ಅಲ್ಲಿ ಹಗುರ, ಎಲ್ಲಿ ಸವೆಯುತ್ತೋ ಅಲ್ಲಿ ಗಡುಸು. ನಮ್ಮ ಬಡಗಿ, ಕಮ್ಮಾರರಿಗೆ ಈ ಬುದ್ಧಿ ಯಾರೂ ಹೇಳಿಕೊಟ್ಟಿದ್ದಲ್ಲ. ಸವೆದ ಸಾಮಾನನ್ನು ಮತ್ತೆ ಮಾಡಿಕೊಡುವ ಕೆಲಸ ಅವರ ತಲೆಗೇ ಬರುತ್ತಿತ್ತು, ಅದಕ್ಕೇ ಎಲ್ಲಿ ಸವೆಯುತ್ತೆ ಅಂತ ಅವರಿಗೆ ಗೊತ್ತಿತ್ತು.

ಈಗ ನನ್ನ ಬೈಕಿನಲ್ಲಿ ಮುಂದೆ ಹಿಂದೆ ಎರಡೂ ಉಕ್ಕು, ಜೊತೆಗೆ ಹೊಸ ಚೈನು. ಎರಡು ತುಂಡಿನದು ನನ್ನ ಗಾಡಿಯ ಅಳತೆಗೆ ಸಿಗಲಿಲ್ಲ, ಸಿಕ್ಕರೂ ಬೆಲೆ ಕೇಳಿ ಸುಮ್ಮನಾಗುತ್ತಿದ್ದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚೈನು ಒರೆಸಿ ಎಣ್ಣೆ ಬಿಡುತ್ತೇನೆ. ಅಣ್ಣನ ಮಗ ತನ್ನ ಟ್ರ್ಯಾಕಿನ ಗಾಡಿಗೆ ಅಲ್ಯೂಮಿನಿಯಂ ಹಾಕುತ್ತಾನೆ, ಹಾಕಲಿ. ಅವನ ಚೈನು ಕಳಚಿದರೆ ಅವನೊಬ್ಬ ರೇಸು ಸೋಲುತ್ತಾನೆ, ಗೆಳೆಯರು ನಗುತ್ತಾರೆ. ಅವನ ಲೆಕ್ಕಕ್ಕೆ ಅದೇ ಸರಿ.

ನನ್ನ ಲೆಕ್ಕ ತಪ್ಪಿದ್ದು ಎಲ್ಲಿ ಅಂದರೆ, ಅರ್ಧ ಕಿಲೋ ಉಳಿಸಿದ ಸಂತೋಷವನ್ನು ನಾನೊಬ್ಬನೇ ಪಟ್ಟೆ. ಅದು ಕೈಕೊಟ್ಟ ಸಂಜೆ ಮಳೆಯಲ್ಲಿ ಮಗು ಎತ್ತಿಕೊಂಡು ನಿಂತವಳು ಬೇರೆಯವಳು. ಯಾವುದೇ ಸಾಮಾನು ಆರಿಸುವಾಗ ಎಷ್ಟು ತೂಕ, ಎಷ್ಟು ಬೆಲೆ ಅಂತ ಕೇಳುತ್ತೇವೆ. ಇದು ಕೆಟ್ಟು ನಿಂತರೆ ದಾರಿಯಲ್ಲಿ ಯಾರು ನಿಲ್ಲಬೇಕಾಗುತ್ತೆ ಅಂತಲೂ ಒಂದು ಸಲ ಕೇಳಿಕೊಳ್ಳಬೇಕು.

ಸವೆದ ಆ ಸ್ಪ್ರಾಕೆಟ್ಟನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಗೋಡೌನಿನ ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿದ್ದೇನೆ. ಮೊನ್ನೆ ಆ ಮಗು, ಈಗ ಎರಡನೇ ಕ್ಲಾಸು, ಅದನ್ನು ಕೈಲಿ ಹಿಡಿದು, ‘ಇದೇನು ಮಾಮ, ಸೂರ್ಯನಾ?’ ಅಂತ ಕೇಳಿದಳು. ಹೌದು ಅಂದೆ.